ಮಗಳು ಯಾವ ರೈಲು ಹತ್ತಬೇಕು?

ಅರಸೀಕೆರೆಯಲ್ಲಿ ರೈಲ್ವೆ ನಿಲ್ದಾಣದ ಹತ್ತಿರ ಮನೆ ಮಾಡಿಕೊಂಡವರಿಗೆ ಗಾಡಿಗಳ ದಿಕ್ಕು ಬಾಯಿಪಾಠ. ತಿಪಟೂರು, ತುಮಕೂರು ದಾಟಿ ಬೆಂಗಳೂರಿಗೆ ಒಂದು ಹಳಿ. ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಮೈಸೂರಿಗೆ ಇನ್ನೊಂದು. ಬೀರೂರು, ದಾವಣಗೆರೆ ಹಾದು ಹುಬ್ಬಳ್ಳಿ-ಧಾರವಾಡದ ಕಡೆಗೆ ಮತ್ತೊಂದು. 2025ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ನಡೆದ ಮಾತುಕತೆಯೆಲ್ಲ ಈ ಮೂರು ಹಳಿಗಳ ಬಗ್ಗೆಯೇ. ಮಗಳು ಹಾಸನದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮುಗಿಸಿದ್ದಳು. ಅದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಎಲ್ಲಿಗೆ ಕಳಿಸುವುದು?

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಇನ್ನೊಬ್ಬರು ಉರ್ದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಈ ವಿಷಯದಲ್ಲಿ ನಾವಿಬ್ಬರೂ ಬಹಳ ದಿನ ಒಂದೇ ಮಾತಿನಲ್ಲಿ ಇರಲಿಲ್ಲ. ಕೊನೆಗೆ ಒಂದಾದೆವು. ಅದು ಹೇಗೆಂದು ಬರೆದರೆ ನಮ್ಮ ಹಾಗೆ ಮಕ್ಕಳನ್ನು ಓದಿಸುವ ನಾಲ್ಕು ಮನೆಗಳಿಗೆ ಉಪಯೋಗವಾದೀತು ಎಂದು ಇಬ್ಬರೂ ಕೂತು ಬರೆಯುತ್ತಿದ್ದೇವೆ.

ಮೊದಲು ಊರಿನ ಮಾತು ಹೇಳಿಬಿಡಬೇಕು. 'ಬಿ.ಎಡ್. ಮಾಡಿಸಿ, ಹೆಣ್ಣುಮಗುವಿಗೆ ಅದು ಒಳ್ಳೆಯದು' ಎಂದವರಿದ್ದರು. ಅದು ಪ್ರೀತಿಯ ಮಾತೇ. ಆದರೆ ಒಂದು ಮದುವೆಯ ಪಂಕ್ತಿಯಲ್ಲಿ ಕೂತಿದ್ದಾಗ ಹತ್ತಿರದ ಬಂಧುವೊಬ್ಬರು, 'ಹುಚ್ಚರ ಓದು ಯಾಕೆ ಓದಿಸುತ್ತೀರಿ? ನಾಳೆ ಸಂಬಂಧ ಕೇಳಲು ಬರುವವರು ಏನೆಂದುಕೊಳ್ಳುತ್ತಾರೆ?' ಎಂದರು. ಬಾಯಿಗಿಟ್ಟ ತುತ್ತು ಗಂಟಲಲ್ಲಿ ನಿಂತಿತು. ಅವರಿಗೆ ಗೊತ್ತಿದ್ದೇ ಹಾಗೆ ಹೇಳಿದರೋ, ಗೊತ್ತಿಲ್ಲದೆಯೋ ನಾವು ಕೇಳಲಿಲ್ಲ. ಯಾಕೆಂದರೆ ಆ ಓದಿಗೂ ನಮ್ಮ ಮನೆಗೂ ಇಪ್ಪತ್ನಾಲ್ಕು ವರ್ಷದ ನಂಟಿದೆ.

ಮಗಳ ಚಾಚಾ, ನಮ್ಮ ಮನೆಯ ಕಿರಿಯ, 2001ರಲ್ಲಿ ಇಪ್ಪತ್ತೆರಡು ವರ್ಷದವನು. ಯಾರೋ ಕರೆಯುತ್ತಿದ್ದಾರೆ, ಬೈಯುತ್ತಿದ್ದಾರೆ ಎನ್ನಲು ಶುರು ಮಾಡಿದ. ರಾತ್ರಿಯೆಲ್ಲ ನಿದ್ದೆಯಿಲ್ಲ. ತಾವೀಜು ಕಟ್ಟಿಸಿದೆವು, ನೀರು ಊದಿಸಿದೆವು. ಮನೆಯವರು ಸಂಕಟದಲ್ಲಿ ಏನು ಮಾಡುತ್ತಾರೋ ಅದೆಲ್ಲವನ್ನೂ ಮಾಡಿದೆವು. ತಮಿಳುನಾಡಿನ ಏರ್ವಾಡಿಗೆ ಕರೆದೊಯ್ದರೆ ವಾಸಿಯಾಗುತ್ತದೆಂದು ಯಾರೋ ಹೇಳಿದರು. ಹೊರಡುವ ತಯಾರಿಯೂ ನಡೆದಿತ್ತು. ಅಷ್ಟರಲ್ಲಿ ಆ ವರ್ಷದ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿ ಬೆಂಕಿ ಬಿತ್ತು. ದರ್ಗಾದ ಸುತ್ತಮುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣಗಳಲ್ಲಿ ಒಂದು ಅದು. ಸರಪಳಿಯಲ್ಲಿ ಬಿಗಿದಿದ್ದವರು ಓಡಲಾಗದೆ ಸುಟ್ಟುಹೋದರು. 28 ಮಂದಿ. ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ದಿನ ಮಗಳ ದಾದಿ ಪತ್ರಿಕೆಯನ್ನು ಮಡಿಸಿ ಬದಿಗಿಟ್ಟು, 'ನನ್ನ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ' ಎಂದರು. ಅಷ್ಟೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ಎರಡು ಸಲ ಅವನು ಬಾಯಿ ಬಿಡಲಿಲ್ಲ. ಕನ್ನಡದಲ್ಲಿ ಕೇಳಿದರೆ ತಲೆ ಆಡಿಸುತ್ತಿದ್ದ. ಮೂರನೆಯ ಸಲ ತರಬೇತಿಯಲ್ಲಿದ್ದ ಒಬ್ಬ ಹುಡುಗಿ ಪಕ್ಕದಲ್ಲಿ ಕೂತು, 'ಕ್ಯಾ ಹೋರಾ ಭಾಯ್, ಬೋಲೋ' ಎಂದಳು. ನಮ್ಮ ಮನೆಯ ದಖನಿ ಮಾತು. ಅವನು ಮುಕ್ಕಾಲು ಗಂಟೆ ಮಾತಾಡಿದ. ಆಮೇಲೆ ವೈದ್ಯರು ಮಾತ್ರೆ ಕೊಟ್ಟರು, ಮಾತ್ರೆ ಕೆಲಸ ಮಾಡಿತು. ಆದರೆ ಬಾಗಿಲು ತೆರೆದದ್ದು ಆ ಒಂದು ಮಾತು ಎಂದು ನಾವು ಇವತ್ತಿಗೂ ನಂಬಿದ್ದೇವೆ.

ಹತ್ತು ವರ್ಷ ಚೆನ್ನಾಗಿದ್ದ. 2011ರಲ್ಲಿ ಪಕ್ಕದ ಪಟ್ಟಣವೊಂದರಲ್ಲಿ ಒಬ್ಬರು 'ಮನೋತಜ್ಞರು' ಎಂದು ಬೋರ್ಡು ಹಾಕಿದರು. ಬೆಂಗಳೂರಿಗೆ ಹೋಗುವ ಖರ್ಚು ಉಳಿಯಿತೆಂದು ನಾವೇ ಕರೆದುಕೊಂಡು ಹೋದೆವು. ತಪ್ಪು ನಮ್ಮದೂ ಹೌದು. ಅವರು ವಾರಕ್ಕೊಮ್ಮೆ ಹಣ ತೆಗೆದುಕೊಂಡು ಉಪದೇಶ ಮಾಡಿದರು. ಮಾತ್ರೆಯೆಲ್ಲ ವಿಷ, ನಿಲ್ಲಿಸಿಬಿಡಿ ಎಂದರು. ನಿಲ್ಲಿಸಿದ ಮೂರು ತಿಂಗಳಿಗೆ ಚಾಚಾ ಒಂದು ಬೆಳಗ್ಗೆ ಮನೆಯಲ್ಲಿರಲಿಲ್ಲ. ಹನ್ನೊಂದು ದಿನ ಹುಡುಕಿದೆವು. ಬೀರೂರಿನ ಪ್ಲಾಟ್‌ಫಾರಂ ಮೇಲೆ ಸಿಕ್ಕಿದ, ಬರಿಗಾಲಿನಲ್ಲಿ. ಆಮೇಲೆ ವಿಚಾರಿಸಿದಾಗ ತಿಳಿದದ್ದು, ಬೋರ್ಡಿನವರ ಬಳಿ ಇದ್ದದ್ದು ಕೆಲವು ತಿಂಗಳಲ್ಲಿ ಅಂಚೆಯ ಮೂಲಕ ಮುಗಿಸಿದ ಒಂದು ಸರ್ಟಿಫಿಕೇಟು.

ಆಗ ಮಗಳಿಗೆ ಏಳು ವರ್ಷ. ಹನ್ನೊಂದು ದಿನವೂ ಶಾಲೆಯಿಂದ ಬಂದು ಗೇಟಿನ ಹತ್ತಿರ ಕೂತಿರುತ್ತಿದ್ದಳು. 'ಅಬ್ಬಾ, ಬೋರ್ಡು ಹಾಕುವವರಿಗೆ ಪರೀಕ್ಷೆ ಇರುವುದಿಲ್ಲವಾ?' ಎಂದು ಕೇಳಿದ್ದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹದಿನಾಲ್ಕು ವರ್ಷದ ನಂತರ ಅವಳೇ ಉತ್ತರ ಹುಡುಕಿಕೊಂಡು ಬಂದು ನಮ್ಮ ಮುಂದೆ ಇಟ್ಟಳು.

ಉತ್ತರ ನಾವು ತಿಳಿದಷ್ಟು ಸುಲಭವಿರಲಿಲ್ಲ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋರೋಗದಲ್ಲಿ ಉನ್ನತ ಶಿಕ್ಷಣ ಪಡೆದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಮನಶ್ಶಾಸ್ತ್ರ ಓದಿದವರು ಬೇರೆ. ಅವರು ಮಾತ್ರೆ ಬರೆಯುವಂತೆಯೂ ಇಲ್ಲ, ಬೇರೆಯವರು ಬರೆದದ್ದನ್ನು ನಿಲ್ಲಿಸುವಂತೆಯೂ ಇಲ್ಲ. ಇನ್ನು ಮನಶ್ಶಾಸ್ತ್ರದಲ್ಲಿ ಬಿ.ಎ. ಆದವರು, ಎಂ.ಎ. ಅಥವಾ ಎಂ.ಎಸ್ಸಿ. ಆದವರು ಎಲ್ಲರೂ ರೋಗಿಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಆ ಹೆಸರು ಯಾರಿಗೆ ಸಲ್ಲುತ್ತದೆ ಎಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬರೆದಿಟ್ಟಿದೆ. ಆರ್.ಸಿ.ಐ. ಎಂದು ಕರೆಯುವ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಸಂಸ್ಥೆಯಲ್ಲಿ, ರೋಗಿಗಳ ನಡುವೆ, ಹಿರಿಯರ ಉಸ್ತುವಾರಿಯಲ್ಲಿ ತರಬೇತಿ ಆಗಿರಬೇಕು. 1992ರ ಕಾಯ್ದೆಯ ಪ್ರಕಾರ ಆ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿಯ ಸಂಖ್ಯೆ ಕೇಳುವ ಹಕ್ಕು ನಮಗಿದೆ. 2011ರಲ್ಲಿ ನಮಗೆ ಈ ಒಂದು ವಿಷಯ ಗೊತ್ತಿದ್ದಿದ್ದರೆ!

ಹೀಗಾಗಿ ಸ್ನಾತಕೋತ್ತರ ಪದವಿ ಎಂಬುದು ಏಣಿಯ ನಡುವಿನ ಮೆಟ್ಟಿಲು. ಅದರ ಮೇಲೆ ಇನ್ನೂ ಮೆಟ್ಟಿಲುಗಳಿವೆ. ಆ ಮೇಲಿನ ಮೆಟ್ಟಿಲೂ ಈಗ ಬದಲಾಗುತ್ತಿದೆ. ಬಹುಕಾಲ ಅದು ಎರಡು ವರ್ಷದ ಎಂ.ಫಿಲ್. ಆಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಎಂ.ಫಿಲ್. ಅನ್ನೇ ನಿಲ್ಲಿಸಿತು. ಆದರೆ ಕ್ಲಿನಿಕಲ್ ಸೈಕಾಲಜಿಗೆ 2025–26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. 2027ರಲ್ಲಿ ಪದವಿ ಮುಗಿಸುವ ನಮ್ಮ ಮಗಳು ಹಳೆಯ ದಾರಿಯನ್ನೇ ನಂಬಿ ಕೂರುವಂತಿರಲಿಲ್ಲ. ಆಗ ಪರಿಷತ್ತು ಯಾವ ಕೋರ್ಸನ್ನು ಒಪ್ಪಿರುತ್ತದೋ ಅದಕ್ಕೆ ಸೇರಬೇಕು. ಅದಕ್ಕೂ ಹಣ ಬೇಕು. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ 2022ರಲ್ಲೇ ನಿಂತುಹೋಗಿದೆ. ಅಂದರೆ ಮುಂದಿನ ಮೆಟ್ಟಿಲಿಗೂ ನಮ್ಮ ಜೇಬನ್ನೇ ನೋಡಿಕೊಳ್ಳಬೇಕು.

ಇಷ್ಟು ತಿಳಿದ ಮೇಲೆ ನಮ್ಮ ನಿಜವಾದ ಜಗಳ ಶುರುವಾಯಿತು.

ನಮ್ಮಲ್ಲಿ ಒಬ್ಬರಿಗೆ ಅಂಚೆ ಶಿಕ್ಷಣವೇ ಸಾಕು ಎನಿಸಿತ್ತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ವರ್ಷಗಟ್ಟಲೆ ಮನಶ್ಶಾಸ್ತ್ರದ ಎಂ.ಎ. ನಡೆಸಿಕೊಂಡು ಬಂದಿತ್ತು. ಖರ್ಚು ಕಡಿಮೆ, ಮಗಳು ಮನೆಯಲ್ಲೇ ಇರುತ್ತಾಳೆ, ದಾದಿಗೂ ಆಸರೆ. ಆದರೆ 2025ರ ಆಗಸ್ಟ್‌ನಲ್ಲಿ ಅನುದಾನ ಆಯೋಗ ಆ ಬಾಗಿಲು ಮುಚ್ಚಿತು. 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಮನಶ್ಶಾಸ್ತ್ರವೂ ಸೇರಿದೆ. ಆದ್ದರಿಂದ ಆ ಸಾಲಿನ ಜುಲೈ-ಆಗಸ್ಟ್ ಪ್ರವೇಶದಿಂದಲೇ ಅದನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದಿತು. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು, ಎರಡು ಮಕ್ಕಳ ತಾಯಿ, ಆ ವರ್ಷ ಅರ್ಜಿ ಹಾಕಬೇಕೆಂದು ಹಣ ಕೂಡಿಟ್ಟಿದ್ದರು. ಅವರ ಮುಖ ನೋಡಲಾಗಲಿಲ್ಲ. ಮನೆ ಬಿಟ್ಟು ಹೋಗಲಾಗದ ಎಷ್ಟೋ ಹೆಂಗಸರಿಗೆ ಅದೊಂದೇ ಕಿಟಕಿಯಾಗಿತ್ತು. ಆ ನಷ್ಟವನ್ನು ಹಗುರವಾಗಿ ಕಾಣಬಾರದು. ಆದರೆ ಮಗಳು ಹೇಳಿದ ಮಾತನ್ನೂ ತಳ್ಳಿಹಾಕಲಾಗಲಿಲ್ಲ: 'ಅಮ್ಮೀ, ಪುಸ್ತಕ ಮನೆಯಲ್ಲಿ ಓದಬಹುದು. ಅಳುವವರ ಎದುರು ಹೇಗೆ ಕೂರಬೇಕೆಂದು ಮನೆಯಲ್ಲಿ ಕಲಿಯಲಾಗದು.'

ಇನ್ನೊಬ್ಬರಿಗೆ ಬೆಂಗಳೂರಿನ ಆಸೆ. ಅಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಮೂವರೂ ಹೋದೆವು. ಕಟ್ಟಡ ನೋಡಿ ದಂಗಾದೆವು. ಗಾಜಿನ ಗೋಡೆ, ತಣ್ಣನೆಯ ಕೋಣೆ, ಕೈಗೆ ಬಣ್ಣದ ಪುಸ್ತಿಕೆ. ಎರಡು ವರ್ಷದ ಶುಲ್ಕ ಮತ್ತು ಹಾಸ್ಟೆಲ್ ಕೂಡಿಸಿದರೆ ನಮ್ಮಿಬ್ಬರ ಎರಡೂವರೆ ವರ್ಷದ ಸಂಪಾದನೆ. ಸಾಲ ಮಾಡಿದರಾಯಿತು ಎಂದುಕೊಂಡೆವು. ಮಗಳು ಮಾತ್ರ ಅಲ್ಲಿದ್ದ ಅಧಿಕಾರಿಯನ್ನು ಮೂರು ಪ್ರಶ್ನೆ ಕೇಳಿದಳು. ವಿದ್ಯಾರ್ಥಿಗಳು ಯಾವ ಆಸ್ಪತ್ರೆಗೆ ಹೋಗುತ್ತಾರೆ? ವಾರಕ್ಕೆ ಎಷ್ಟು ದಿನ? ಅಲ್ಲಿ ಅವರ ಜೊತೆ ಕೂತು ತಪ್ಪು ತಿದ್ದುವವರು ಯಾರು? ಅವರು ಪುಸ್ತಿಕೆಯ ಪುಟ ತಿರುಗಿಸಿದರು. 'ನಮಗೆ ಬಹಳ ಸಂಸ್ಥೆಗಳ ಜೊತೆ ಒಪ್ಪಂದವಿದೆ' ಎಂದರು. ಯಾವುವು ಎಂದರೆ ಅದು ಪ್ರವೇಶದ ನಂತರ ತಿಳಿಯುತ್ತದೆ ಎಂದರು. ಎಲ್ಲ ಖಾಸಗಿ ಸಂಸ್ಥೆಗಳೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ತರಬೇತಿ ಕೊಡುವವೂ ಇವೆ. ನಾವು ನೋಡಿದ್ದು ಇದು.

ಹಿಂತಿರುಗುವಾಗ ಗಾಡಿಯಲ್ಲಿ ಮಗಳು ತನ್ನ ಬಿ.ಎ. ಪ್ರಾಕ್ಟಿಕಲ್ ರೆಕಾರ್ಡು ಪುಸ್ತಕ ತೆಗೆದು ಒಂದು ಚಿತ್ರ ತೋರಿಸಿದಳು. ಎರಡು ಅಡ್ಡಗೆರೆ. ಒಂದರ ತುದಿಗಳಲ್ಲಿ ಬಾಣದ ಮೂತಿ ಒಳಗೆ ಮಡಿಸಿದೆ, ಇನ್ನೊಂದರ ತುದಿಗಳಲ್ಲಿ ಹೊರಗೆ ಚಾಚಿದೆ. 'ಯಾವುದು ಉದ್ದ?' ಎಂದಳು. ಇಬ್ಬರೂ ಎರಡನೆಯದು ಎಂದೆವು. ಸ್ಕೇಲು ಕೊಟ್ಟಳು. ಎರಡೂ ಒಂದೇ ಅಳತೆ! ಮುಲ್ಲರ್-ಲಯರ್ ಎಂಬ ಜರ್ಮನ್ ವಿದ್ವಾಂಸ 1889ರಲ್ಲಿ ಬರೆದಿಟ್ಟ ಭ್ರಮೆಯಂತೆ. ಸಮವೆಂದು ಗೊತ್ತಾದ ಮೇಲೂ ಕಣ್ಣಿಗೆ ಸಮ ಕಾಣುವುದಿಲ್ಲ. 'ಅಬ್ಬಾ, ಗೆರೆಯನ್ನು ಅಳೆಯಬೇಕು, ತುದಿಯ ಬಾಲ ನೋಡಬಾರದು' ಎಂದಳು. ತಿಪಟೂರು ಬರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಧಾರವಾಡವೂ ಪಟ್ಟಿಯಲ್ಲಿತ್ತು. ಕರ್ನಾಟಕ ವಿಶ್ವವಿದ್ಯಾಲಯವೂ, ಮನೋರೋಗ ಚಿಕಿತ್ಸೆಯ ಸರಕಾರಿ ಸಂಸ್ಥೆ ಡಿಮ್ಹಾನ್ಸ್ ಕೂಡ ಒಂದೇ ಊರಲ್ಲಿರುವುದು ದೊಡ್ಡ ಅನುಕೂಲ. ಆ ಕಡೆಯವರಿಗೆ ನಾವು ಅದನ್ನೇ ಹೇಳುತ್ತೇವೆ. ಆದರೆ ದಾದಿಗೆ ಎಪ್ಪತ್ತೆಂಟು ವರ್ಷ. ಕರೆದರೆ ಅರ್ಧ ದಿನದಲ್ಲಿ ಬರುವಷ್ಟು ದೂರದಲ್ಲಿ ಮೊಮ್ಮಗಳು ಇರಬೇಕೆಂಬುದು ಅವರ ಒಂದೇ ಕೋರಿಕೆ.

ಹೀಗೆ ಮೈಸೂರು ಉಳಿಯಿತು. ನಮಗೆ ಮೈಸೂರು ವಿಶ್ವವಿದ್ಯಾಲಯ ಎಂದರೆ ಹಳೆಯದು, ಸರಕಾರಿ, ಅಗ್ಗ ಎಂಬಷ್ಟೇ ಗೊತ್ತಿತ್ತು. ಮಗಳು ಹೇಳಿದ ಮೇಲೆ ಬೇರೆ ಕಂಡಿತು. ದೇಶದಲ್ಲಿ ಮನಶ್ಶಾಸ್ತ್ರಕ್ಕೆ ಮೊದಲು ವಿಭಾಗ ತೆರೆದದ್ದು ಕಲ್ಕತ್ತಾ. ಅದಾದ ಕೆಲವೇ ವರ್ಷಕ್ಕೆ, 1924ರಲ್ಲಿ, ಮೈಸೂರಿನಲ್ಲಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿ 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಮನಸ್ಸಿನ ವಿದ್ಯೆ ಕಲಿಸುವ ಮೇಷ್ಟರು ಜನರ ಕಿವಿಗೆ ಮಾತು ಮುಟ್ಟಿಸುವ ಕೆಲಸವನ್ನೂ ಮಾಡಿದರು ಎಂಬುದು ನಮಗೆ ಬಹಳ ಹಿಡಿಸಿತು. ಆ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು.

ಹಳಮೆಯೊಂದೇ ಕಾರಣವಾದರೆ ಸಾಲದು. ನಮ್ಮನ್ನು ಒಪ್ಪಿಸಿದ್ದು ಭಾಷೆಯ ಮಾತು. ಪಾಠ ಎಲ್ಲಿ ಓದಿದರೂ ಬಹುಪಾಲು ಇಂಗ್ಲಿಷಿನಲ್ಲೇ. ಆದರೆ ಸಂಕಟ ಇಂಗ್ಲಿಷಿನಲ್ಲಿ ಬರುವುದಿಲ್ಲ. 'ಜೀವ ಹಿಂಡಿದ ಹಾಗಾಗುತ್ತದೆ', 'ಹೊಟ್ಟೆಯಲ್ಲಿ ಸಂಕಟ', 'ದಿಲ್ ಘಬ್ರಾತಾ' ಎನ್ನುವವರಿಗೆ ಪುಸ್ತಕದ ಹೆಸರು ಗೊತ್ತಿರುವುದಿಲ್ಲ. ಕನ್ನಡಕ್ಕೆ ಈ ಕೆಲಸ ಹೊಸದೂ ಅಲ್ಲ. 1930ರ ದಶಕದಲ್ಲೇ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಬಿನೆಯ ಬುದ್ಧಿಮತ್ತೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾಡಿದರು. 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಮನಸ್ಸಿನ ಬಗ್ಗೆ ಕನ್ನಡದಲ್ಲೇ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಕನ್ನಡ ಪುಸ್ತಕಗಳು ನಮ್ಮಂಥ ಮನೆಗಳಿಗೂ ಬಂದಿವೆ. ಚಾಚಾನ ಕಾಯಿಲೆ ಪಾಪದ ಫಲವಲ್ಲ, ಕಾಯಿಲೆ ಎಂದು ನಮಗೆ ಮನದಟ್ಟಾದದ್ದು ಅಂಥ ಪುಸ್ತಕಗಳಿಂದ. ಕನ್ನಡ, ದಖನಿ ಎರಡೂ ಬಲ್ಲ ನಮ್ಮ ಮಗಳು ಮೈಸೂರು, ಮಂಡ್ಯ, ಹಾಸನದ ಜನರ ನಡುವೆಯೇ ಕಲಿತರೆ ಅವಳ ಎರಡು ನಾಲಿಗೆಯೂ ಹರಿತವಾಗಿ ಉಳಿಯುತ್ತದೆ ಎನಿಸಿತು.

ಮತ್ತೆ ಹಣದ ಲೆಕ್ಕ. ಕೊಬ್ಬರಿ ಮಂಡಿಯ ಲೆಕ್ಕದವರಿಗೆ ಅದು ಬೇಗ ಹೊಳೆಯಬೇಕಿತ್ತು, ಹೊಳೆದದ್ದು ತಡವಾಗಿ. ಇದ್ದದ್ದನ್ನೆಲ್ಲ ನಡುವಿನ ಮೆಟ್ಟಿಲಿಗೆ ಸುರಿದರೆ ಮೇಲಿನ ಮೆಟ್ಟಿಲಿಗೆ ಏನು ಉಳಿಯುತ್ತದೆ? ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆದದ್ದು. ಈ ದೇಶದಲ್ಲಿ ಕ್ಲಿನಿಕಲ್ ತರಬೇತಿಗೆ ಬುನಾದಿ ಹಾಕಿದ ಜಾಗ ಅದು. ಅಂಥ ಕಡೆ ಪ್ರವೇಶ ಪರೀಕ್ಷೆ ಗೆದ್ದು ಹೋಗುವ ದಿನ ಬಂದರೆ ಕೈಯಲ್ಲಿ ನಾಲ್ಕು ಕಾಸು ಇರಬೇಡವೇ? ಬೆಂಗಳೂರಿನ ಗಾಡಿ ಆಗ ಹತ್ತಿದರಾಯಿತು. ಈಗ ಮೈಸೂರಿನದು.

ಕೊನೆಯ ತಕರಾರು ದಾದಿಯದು. ಹಾಸ್ಟೆಲ್ ಎಂದರೆ ಭಯ. ಜೊತೆಗೆ, ಇದು ನಮ್ಮ ದೀನಿಗೆ ಹೊಂದುವ ವಿದ್ಯೆಯೇ ಎಂಬ ಅನುಮಾನ. ಮಸೀದಿಯ ಹಿರಿಯ ಮೌಲ್ವಿ ಸಾಹೇಬರನ್ನು ಮನೆಗೆ ಚಹಾಕ್ಕೆ ಕರೆದೆವು. ಅವರು ಅಬೂ ಝೈದ್ ಅಲ್ ಬಲ್ಖಿಯ ಕಥೆ ಹೇಳಿದರು. ಸಾವಿರದ ನೂರು ವರ್ಷದ ಹಿಂದೆ ಬಲ್ಖ್‌ನ ಆ ವಿದ್ವಾಂಸ ದೇಹಕ್ಕೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತದೆ, ಎರಡನ್ನೂ ನೋಡಿಕೊಳ್ಳಬೇಕು ಎಂದು ಗ್ರಂಥ ಬರೆದಿದ್ದರಂತೆ. 'ಅಮ್ಮಾಜಿ, ದುಆ ನೀವು ಮಾಡಿ, ದವಾ ಕಲಿಯಲು ಮಗುವನ್ನು ಕಳಿಸಿ' ಎಂದರು. ದಾದಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಮರುದಿನ ಹಾಸ್ಟೆಲಿಗೆಂದು ಅವರೇ ಹೊಲಿದ ಕೌದಿ ಬಿಸಿಲಿಗೆ ಬಿದ್ದಿತ್ತು.

ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಎಲ್ಲರಿಗೂ ಮೈಸೂರೇ ಸರಿ ಎಂದು ಹೇಳಲು ನಾವು ಇದನ್ನು ಬರೆದಿಲ್ಲ. ನಿಮ್ಮ ಮನೆಗೆ ಧಾರವಾಡ ಸರಿಯಿರಬಹುದು, ಮಂಗಳೂರು ಸರಿಯಿರಬಹುದು, ಬೆಂಗಳೂರಿನ ಒಳ್ಳೆಯ ಕಾಲೇಜೂ ಇರಬಹುದು. ಎಲ್ಲಿಗೆ ಹೋದರೂ ಕಟ್ಟಡಕ್ಕಿಂತ ಮೊದಲು ಮಗಳು ಕೇಳಿದ ಆ ಮೂರು ಪ್ರಶ್ನೆ ಕೇಳಿ. ಪದವಿಯ ಮೇಲೆ ಇನ್ನೆಷ್ಟು ಓದಬೇಕೆಂದು ಮೊದಲೇ ತಿಳಿದು ಹಣ ಉಳಿಸಿಕೊಳ್ಳಿ. ನಡುದಾರಿಯಲ್ಲೇ ಬೋರ್ಡು ಹಾಕಿಸುವ ಆತುರ ಬೇಡ. ಅರ್ಧ ಕಲಿತವರ ಬೋರ್ಡಿಗೆ ಬೆಲೆ ತೆತ್ತ ಮನೆ ನಮ್ಮದು.

ಹೊರಡುವ ದಿನ ಸಾಮಾನು ಹೊತ್ತು ನಿಲ್ದಾಣಕ್ಕೆ ಬಂದವನು ಚಾಚಾ. ಈಗ ಅವನಿಗೆ ನಲವತ್ತಾರು. ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಾನೆ, ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗುತ್ತಾನೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ, 'ಬರೆಯಿರಿ, ಹೆಸರು ಮಾತ್ರ ಬೇಡ' ಎಂದವನೂ ಅವನೇ. ಗಾಡಿ ಬರುವ ಮೊದಲು ಮಗಳ ಕೈಯಲ್ಲಿ ಮಡಿಸಿದ ಎರಡು ನೋಟು ಇಟ್ಟು, ಅವನು ಹೇಳಿದ್ದು ಒಂದೇ ಮಾತು: 'ಬೇಟಾ, ಯಾರಾದರೂ ಸುಮ್ಮನೆ ಕೂತಿದ್ದರೆ ಎದ್ದು ಹೋಗಬೇಡ. ಸ್ವಲ್ಪ ಹೊತ್ತು ಜೊತೆಯಲ್ಲಿ ಕೂರು.'

ಗಾಡಿ ಹಾಸನದ ಕಡೆ ತಿರುಗುವವರೆಗೆ ಮೂವರೂ ನಿಂತಿದ್ದೆವು. ಆಮೇಲೆ ಮಂಡಿಗೆ ಹೊತ್ತಾಯಿತೆಂದು ಚಾಚಾನೇ ನಮ್ಮನ್ನು ಎಬ್ಬಿಸಿಕೊಂಡು ಹೊರಟ.